ಮೂರು ಫೋಟೊ, ಒಂದೇ ಕೃತಿ

ಮಾನ್ಯರೇ,

ಚಿತ್ರದುರ್ಗದ ಕೋಟೆಗೋಡೆಯ ಅಗಲವಾದ ಫೋಟೊ ತೆಗೆದು, ಅದನ್ನು ಮೂರು ತುಂಡು ಮಾಡಿ ಪ್ರದರ್ಶನದಲ್ಲಿ ಅಕ್ಕಪಕ್ಕ ತೂಗುಹಾಕುವವರು ಒಂದು ಲೆಕ್ಕ ಮರೆಯುತ್ತಾರೆ. 12 ಇಂಚು ಅಗಲ, 18 ಇಂಚು ಎತ್ತರದ ಮೂರು ಪ್ರಿಂಟು, ಫ್ರೇಮಿನ ಪಟ್ಟಿ ಒಂದೊಂದು ಇಂಚು, ಫ್ರೇಮುಗಳ ನಡುವೆ 2 ಇಂಚು ಗೋಡೆ ಎಂದಿಟ್ಟುಕೊಳ್ಳಿ. ಚಿತ್ರದಿಂದ ಚಿತ್ರಕ್ಕೆ ಅಂತರ 4 ಇಂಚಾಯಿತು. ಹಾಗಾಗಿ ಮೂಲ ಚಿತ್ರವನ್ನು 36 ಅಲ್ಲ, 44 ಇಂಚು ಅಗಲಕ್ಕೆ ಹೊಂದಿಸಿ, ಚಿತ್ರದಲ್ಲೇ ಆ ಅಂತರಗಳಿಗೆ ಬರುವ 4 ಇಂಚಿನ ಎರಡು ಪಟ್ಟಿಗಳನ್ನು ಕತ್ತರಿಸಿ ಬಿಸಾಡಬೇಕು. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅವನ್ನು ಉಳಿಸಿಕೊಂಡರೆ ಓರೆಯಾಗಿ ಏರುವ ಗೋಡೆಯ ಸಾಲು ಫ್ರೇಮು ದಾಟುವಲ್ಲಿ ಮುರಿದು ಕಾಣುತ್ತದೆ.

ಬೇರೆ ಬೇರೆ ಮೂರು ಚಿತ್ರ ಸೇರಿಸಿ ಒಂದು ಕೃತಿ ಮಾಡುವುದಾದರೆ ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಕ್ಯಾಮೆರಾದ ಸೆಟ್ಟಿಂಗ್) ಆಟೊದಲ್ಲಿ ಬಿಡಬೇಡಿ; ಅದೇ ಬಂಡೆ ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ ಹೊಡೆಯುತ್ತದೆ. ಲ್ಯಾಬಿನವರಿಗೂ ‘ಕಲರ್ ಕರೆಕ್ಷನ್ ಬೇಡ, ಮೂರೂ ಒಂದೇ ಪೇಪರಿನಲ್ಲಿ, ಒಂದೇ ಸಲ’ ಎಂದು ಹೇಳಿ. ಕೋಟೆಯೊಳಗಿನ ಅಕ್ಕ-ತಂಗಿ ಹೊಂಡದ ಫೋಟೊ ಚೆನ್ನಾಗಿ ಬಂದಿದೆ ಎಂದು ಅದನ್ನು ಮೂರನೆಯದಾಗಿ ತುರುಕುವುದು ನಮಗೆ ಒಪ್ಪಿಗೆಯಿಲ್ಲ. ಒಂದನ್ನು ತೆಗೆದರೆ ಉಳಿದೆರಡು ಅರೆಬರೆ ಅನ್ನಿಸಬೇಕು.

ಪ್ರದರ್ಶನ ಏರ್ಪಡಿಸುವವರು ಫ್ರೇಮಿಗೆ ಎರಡೆರಡು ಮೊಳೆ ಹೊಡೆಸಲಿ. ಒಂದೇ ಆದರೆ ಫ್ಯಾನ್ ಗಾಳಿಗೆ ವಾಲುತ್ತದೆ. ಮೂರಕ್ಕೂ ಒಂದೇ ಕ್ರಮಸಂಖ್ಯೆ ಕೊಡಲಿ. ಇಲ್ಲದಿದ್ದರೆ ತೂಗುಹಾಕುವ ಹುಡುಗರು ಎರಡು ಗೋಡೆಗೆ ಹಂಚಿಬಿಡುತ್ತಾರೆ.

– ಹವ್ಯಾಸಿ ಛಾಯಾಗ್ರಾಹಕರು, ಚಿತ್ರದುರ್ಗ