ಏಂಜಲ್ ಮೀನಿಗೆ ಎರಡಡಿಯ ‘ಸೆಟ್’ ಸಾಲದು

ಮಾನ್ಯ ಸಂಪಾದಕರೇ,

ಅಕ್ವೇರಿಯಂ ಅಂಗಡಿಗಳಲ್ಲಿ ನಾಣ್ಯದಗಲದ ಏಂಜಲ್ ಮರಿಗಳನ್ನು ಕವರಿಗೆ ತುಂಬಿಸಿ, ಜೊತೆಗೆ ಎರಡಡಿ ಉದ್ದದ ಗಾಜಿನ ತೊಟ್ಟಿಯ ‘ಸೆಟ್’ ಕೊಟ್ಟು ಕಳಿಸುವುದು ಮಾಮೂಲಾಗಿದೆ. ಕೆಲವು ತಿಂಗಳಲ್ಲಿ ಮೀನು ಸತ್ತರೆ ಕೊಂಡವರು ನೀರನ್ನು ದೂರುತ್ತಾರೆ, ಇಲ್ಲವೇ ತಮ್ಮ ಕೈಗುಣವನ್ನು. ಎಷ್ಟೋ ಸಲ ತಪ್ಪಿರುವುದು ತೊಟ್ಟಿಯ ಅಳತೆಯಲ್ಲಿ. ಮರಿಯ ಬೆಲೆಯ ಪಕ್ಕದಲ್ಲೇ ಅದು ಎಷ್ಟು ಬೆಳೆಯುತ್ತದೆ, ಎಂಥ ತೊಟ್ಟಿ ಬೇಕು ಎಂದು ಬರೆದು ಹಾಕುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ಒಂದು ಚೀಟಿಯ ಖರ್ಚು, ಅಷ್ಟೇ.

ಏಂಜಲ್ ಉದ್ದಕ್ಕಿಂತ ಎತ್ತರಕ್ಕೆ ಬೆಳೆಯುವ ಮೀನು. ದೇಹದ ಉದ್ದ 15 ಸೆಂ.ಮೀ. ತಲುಪಿದರೆ, ಮೇಲಿನ ಈಜುರೆಕ್ಕೆಯ ತುದಿಯಿಂದ ಕೆಳಗಿನದರ ತುದಿಗೆ 20 ಸೆಂ.ಮೀ. ದಾಟುತ್ತದೆ. ಈಗ ಲೆಕ್ಕ ಹಾಕಿ: ಎರಡಡಿ ಸೆಟ್ಟಿನ ಎತ್ತರ 12 ಇಂಚು. ತಳದಲ್ಲಿ ಎರಡಿಂಚು ಮರಳು, ಮೇಲೆ ಎರಡಿಂಚು ಖಾಲಿ ಜಾಗ ಬಿಟ್ಟರೆ ಉಳಿಯುವ ನೀರು 8 ಇಂಚು, ಅಂದರೆ 20 ಸೆಂ.ಮೀ. ಬೆಳೆದ ಮೀನು ಅದರಲ್ಲಿ ನೆಟ್ಟಗೆ ನಿಲ್ಲುವುದೇ ಕಷ್ಟ. ಕೆಳಗಿನ ಈಜುರೆಕ್ಕೆಯ ಎಳೆಗಳು ಮರಳಿಗೆ ಉಜ್ಜಿ ಹರಿಯುತ್ತವೆ, ಗಾಯಕ್ಕೆ ಸೋಂಕು ತಗಲುತ್ತದೆ.

36 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ ತೊಟ್ಟಿ ಮಾಡಿಸಿ. ಅಂಚಿನವರೆಗೆ ತುಂಬಿದರೆ ಸುಮಾರು 159 ಲೀಟರ್ ಹಿಡಿಯುತ್ತದೆ. ಇದಕ್ಕೆ 8 ಮಿ.ಮೀ. ಗಾಜೇ ಇರಲಿ. ನೀರು, ಮರಳು, ಗಾಜು ಎಲ್ಲ ಸೇರಿ ತೂಕ 200 ಕೆ.ಜಿ. ಹತ್ತಿರ ಬರುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲಿಡುವ ಆಸೆ ಬೇಡ. ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ತೆಳು ಥರ್ಮೋಕೋಲ್ ಹಾಸಿ. ಸ್ಟ್ಯಾಂಡ್ ಮಟ್ಟವಾಗಿಲ್ಲದಿದ್ದರೆ ಒತ್ತಡ ಒಂದೇ ಮೂಲೆಗೆ ಬಿದ್ದು ಸಿಲಿಕಾನ್ ಅಂಟು ಬಿಡುತ್ತದೆ.

ಹೆಚ್ಚಿನ ಮೀನು ಸಾಯುವುದು ಮೊದಲ ತಿಂಗಳಲ್ಲಿ. ಇಂದು ನೀರು ತುಂಬಿಸಿ ಇಂದೇ ಮೀನು ಬಿಟ್ಟರೆ ಅದರ ತ್ಯಾಜ್ಯದಿಂದ ಬರುವ, ಮೀನಿಗೇ ವಿಷವಾಗುವ ಅಮೋನಿಯಾ ಅಲ್ಲೇ ಉಳಿಯುತ್ತದೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಅಷ್ಟು ದಿನ ಮೀನಿಲ್ಲದೆ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ; ಅದು ಕೊಳೆತು ಬರುವ ಅಮೋನಿಯಾ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಂಡ ಮೇಲೆ ಮೀನು ತನ್ನಿ. ಬ್ಯಾಕ್ಟೀರಿಯಾ ಆಗಲೇ ನೆಲೆಯೂರಿರುವ ಹಳೆಯ ತೊಟ್ಟಿಯೊಂದರ ಫಿಲ್ಟರ್ ಸ್ಪಂಜು ಸಿಕ್ಕರೆ ಕಾಯುವ ಅವಧಿ ಬಹಳ ತಗ್ಗುತ್ತದೆ.

ಗಡಸಾದ ಬೋರ್‌ವೆಲ್ ನೀರಿನಲ್ಲಿ ಪಿಎಚ್ (ಆಮ್ಲ–ಕ್ಷಾರದ ಅಳತೆ) ಹೆಚ್ಚಿರುವುದುಂಟು. ಅದನ್ನು ಬಳಸುವವರು ಇನ್ನೊಂದು ಮಾತು ಗಮನಿಸಬೇಕು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಶೇ 0.5ರಷ್ಟು ಮಾತ್ರ, ಪಿಎಚ್ 8ಕ್ಕೆ ಏರಿದರೆ ಅದು ಶೇ 5ರಷ್ಟು. ಕಾವೇರಿ ನೀರಿನ ಪಕ್ಕದ ಮನೆಯವರು ಮಾಡಿ ದಕ್ಕಿಸಿಕೊಂಡ ಅಜಾಗರೂಕತೆ ಇಲ್ಲಿ ದಕ್ಕದಿರಬಹುದು. ಹಾಗೆಂದು ಪಿಎಚ್ ಇಳಿಸುವ ಬಾಟಲಿ ತರಬೇಡಿ. ಗಡಸು ನೀರು ಒಂದೆರಡು ದಿನದಲ್ಲಿ ಪಿಎಚ್ಚನ್ನು ಮತ್ತೆ ಮೇಲೆತ್ತುತ್ತದೆ, ಈ ಏರಿಳಿತವೇ ಮೀನನ್ನು ಹಣ್ಣು ಮಾಡುತ್ತದೆ. ಅಮೆಜಾನ್ ಕೊಳ್ಳದ ಮೆದು ನೀರು ಏಂಜಲ್‌ಗಳ ಮೂಲವಾದರೂ, ಅಂಗಡಿಗೆ ಬರುವವು ಹೆಚ್ಚಾಗಿ ಚೆನ್ನೈ, ಕೋಲ್ಕತ್ತ ಕಡೆಯ ಫಾರಂಗಳಲ್ಲಿ ಹುಟ್ಟಿದವು. ಒಂದಷ್ಟು ಗಡಸುತನ ತಡೆಯುತ್ತವೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು.

ಫಿಲ್ಟರ್ ತೊಳೆಯುವ ವಿಷಯದಲ್ಲಿ ನಮ್ಮವರ ಶುಚಿತ್ವವೇ ಶತ್ರು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಉಜ್ಜಿದರೆ, ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬಲಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿ. ಕರೆಂಟ್ ಹೋಗುವ ಊರುಗಳಲ್ಲಿ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿಗಿಂತ ಏರ್‌ಪಂಪಿನ ಸ್ಪಂಜ್ ಫಿಲ್ಟರ್ ಮೇಲು. ಬ್ಯಾಟರಿ ಪಂಪಿನಲ್ಲೂ ಅದು ನಡೆಯುತ್ತದೆ. ಏಂಜಲ್ ನಿಧಾನ ಹರಿವಿನ ಮೀನಾದ್ದರಿಂದ ರಭಸವೂ ಬೇಡ.

ನೀರು 25ರಿಂದ 28 ಡಿಗ್ರಿ ಇರಬೇಕು. ಡಿಸೆಂಬರ್–ಜನವರಿಯ ಬೆಂಗಳೂರಿಗೂ ಮಲೆನಾಡಿಗೂ 150 ವಾಟ್ ಹೀಟರ್ ಬೇಕೇ ಬೇಕು. ಬಿಳಿಚುಕ್ಕೆ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ರಾತ್ರಿ ನೀರು ತಣ್ಣಗಾದಾಗ. ಆಹಾರ ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಚರಂಡಿಯಿಂದ ಹಿಡಿದು ತರುವ ಜೀವಂತ ಟ್ಯೂಬಿಫೆಕ್ಸ್ ಹುಳು ಅಗ್ಗವೆಂದು ಕೊಂಡರೆ ರೋಗವನ್ನೂ ಕೊಂಡಂತೆ.

ಜೊತೆಗಾರರ ಆಯ್ಕೆಯಲ್ಲೂ ಅಂಗಡಿಯವರ ಮಾತು ನಂಬುವಂತಿಲ್ಲ. ಟೈಗರ್ ಬಾರ್ಬ್ ಏಂಜಲ್‌ನ ರೆಕ್ಕೆ ಕಚ್ಚುತ್ತದೆ. ಬೆಳೆದ ಏಂಜಲ್ ನಿಯಾನ್ ಟೆಟ್ರಾವನ್ನು ನುಂಗುತ್ತದೆ. ತಳದಲ್ಲಿ ಓಡಾಡುವ ಪುಟ್ಟ ಮೀನು ಕೊರಿಡೊರಾಸ್ ಸರಿಹೊಂದುತ್ತದೆ. ಚಿಕ್ಕಂದಿನಲ್ಲಿ ಗಂಡು ಹೆಣ್ಣು ಗೊತ್ತಾಗದ ಕಾರಣ ‘ಜೋಡಿ’ ಎಂದು ಮಾರುವುದಕ್ಕೆ ಅರ್ಥವಿಲ್ಲ. ಐದಾರು ಮರಿ ತಂದರೆ ಅವೇ ಜೊತೆ ಆರಿಸಿಕೊಳ್ಳುತ್ತವೆ. ಜೋಡಿಯಾದದ್ದು ಎಲೆಯನ್ನೋ ಫಿಲ್ಟರ್ ಪೈಪನ್ನೋ ಉಜ್ಜಿ ಮೊಟ್ಟೆಯಿಡಲು ಶುರು ಮಾಡಿದೊಡನೆ ಉಳಿದವನ್ನು ಮೂಲೆಗೆ ಅಟ್ಟುತ್ತದೆ. ಆಗ ಅವನ್ನು ಬೇರೆ ಮಾಡದಿದ್ದರೆ ಕಚ್ಚಾಟದಲ್ಲಿ ಒಂದೆರಡು ಸಾಯುವುದುಂಟು.

ಎರಡಡಿಯ ತೊಟ್ಟಿ ಈಗಾಗಲೇ ಕೊಂಡಾಗಿದ್ದರೆ ಅದರಲ್ಲಿ ಗಪ್ಪಿ, ಪ್ಲಾಟಿ ಸಾಕಿ. ಏಂಜಲ್‌ಗಳನ್ನು ಅಂಗಡಿಗೆ ಮರಳಿಸಿ ಅಥವಾ ದೊಡ್ಡ ತೊಟ್ಟಿಯವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. ಗಾಜಿನ ಪಾಚಿ ತಿನ್ನಲೆಂದು ಸಾಕಿ, ತೊಟ್ಟಿಗಳಿಂದ ಹೊರಬಿದ್ದ ಸಕ್ಕರ್ ಮೀನು ಇಂದು ದೇಶದ ಹಲವು ಕೆರೆ–ನದಿಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ.

– ಅಲಂಕಾರಿಕ ಮೀನು ಸಾಕಣೆದಾರರು, ಬೆಂಗಳೂರು