ಮಾಳಿಗೆ ಸೋರಿಕೆ: ಡಬ್ಬಿ ಲೆಕ್ಕ ಕೇಳಿ

ಮಾನ್ಯರೇ,

ಮುಂಗಾರು ಹತ್ತಿರ ಬಂತೆಂದರೆ ಹುಬ್ಬಳ್ಳಿ–ಧಾರವಾಡದ ಬಡಾವಣೆಗಳಲ್ಲಿ ವಾಟರ್‌ಪ್ರೂಫಿಂಗ್ ಮಾಡುವವರು, ಅಂದರೆ ಮಾಳಿಗೆ ಸೋರದಂತೆ ಲೇಪ ಬಳಿಯುವವರು, ಬಾಗಿಲು ತಟ್ಟುತ್ತಾರೆ. ‘ಇವತ್ತೇ ಅಡ್ವಾನ್ಸ್ ಕೊಟ್ಟರೆ ಅರ್ಧ ರೇಟು, ಹತ್ತು ವರ್ಷ ಗ್ಯಾರಂಟಿ’ ಎನ್ನುವವರಿಗೆ ಅವತ್ತು ದುಡ್ಡು ಕೊಡಲೇಬೇಡಿ.

ಹೆಚ್ಚಿನ ಮೋಸ ಲೇಪದ ಡಬ್ಬಿಯಲ್ಲೇ ನಡೆಯುತ್ತದೆ. ಒಂದು ಲೀಟರ್ ಎಷ್ಟು ಚದರಡಿಗೆ ಸಾಕೆಂದು ಕಂಪನಿಯೇ ತಿಳಿಸಿರುತ್ತದೆ. ಎರಡು ಕೋಟ್‌ಗೆ ಲೀಟರಿಗೆ 20 ಚದರಡಿ ಎಂದಿದ್ದರೆ 30×40 ಅಡಿ ಮಾಳಿಗೆಗೆ 60 ಲೀಟರ್, ಅಂದರೆ 20 ಲೀಟರಿನ ಮೂರು ಡಬ್ಬಿ ಬೇಕು. ಒಂದೇ ಡಬ್ಬಿ ತಂದು ಬಕೆಟ್‌ಗಟ್ಟಲೆ ನೀರು ಬೆರೆಸಿದರೆ ಪದರ ತೆಳುವಾಗಿ, ಬಿಸಿಲಿಗೆ ಹಪ್ಪಳದಂತೆ ಏಳುತ್ತದೆ. ಸೀಲ್ ಒಡೆಯುವಾಗ ಎದುರಿಗೇ ಇರಿ. ಕೆಲಸ ಮುಗಿಯುವತನಕ ಖಾಲಿ ಡಬ್ಬಿಗಳು ಮನೆಯಲ್ಲೇ ಇರಲಿ.

ಗೋಡೆಯ ಬಿರುಕು ತೋರಿಸಿ ಹೆದರಿಸುವವರೂ ಇದ್ದಾರೆ. ನಮ್ಮ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಬಹುಮಟ್ಟಿಗೆ ಪಾಯ ಅಲುಗಿದ್ದರಿಂದ ಬಂದದ್ದು. ಮಾಳಿಗೆಗೆ ಏನು ಬಳಿದರೂ ಅದು ನಿಲ್ಲದು, ಎಂಜಿನಿಯರ್‌ಗೆ ತೋರಿಸಿ.

ಕರಾರಿನಲ್ಲಿ ಬ್ರ್ಯಾಂಡ್, ಲೀಟರ್, ಕೋಟ್ ಎಲ್ಲ ಬರೆಸಿ. ಕಾಲುಭಾಗ ಹಣ ಉಳಿಸಿಕೊಳ್ಳಿ. ಕೋಟ್ ಪೂರ್ತಿ ಒಣಗಿದ ಮೇಲೆ ನೀರು ಹೋಗುವ ಪೈಪ್ ಮುಚ್ಚಿ, ಮಾಳಿಗೆ ಮೇಲೆ ಎರಡು ಇಂಚು ನೀರನ್ನು 48 ತಾಸು ನಿಲ್ಲಿಸಿ. ಕೆಳಗೆ ಪಸೆ ಕಾಣದಿದ್ದರೆ ಮಾತ್ರ ಆ ಹಣ ಕೊಡಿ. ‘ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ’ ಎಂಬ ಮಾತಿಗೆ ಮರುಳಾದರೆ ಗ್ರಾಹಕರ ಆಯೋಗದ ಮುಂದೆ ಹಿಡಿಯಲು ಕಾಗದವೇ ಇರದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.

— ನಿವೃತ್ತ ಸಿವಿಲ್ ಎಂಜಿನಿಯರ್, ವಿದ್ಯಾನಗರ, ಹುಬ್ಬಳ್ಳಿ