ರೋಬಾಟ್ ಪಕ್ಕದಲ್ಲಿ ದುಡಿಯುವವರ ಹಕ್ಕು

ಮಾನ್ಯ ಸಂಪಾದಕರೇ,

ರೋಬಾಟ್ ಬಂದರೆ ಎಷ್ಟು ಜನರ ಕೆಲಸ ಹೋಗುತ್ತದೆ ಎಂಬುದರಲ್ಲೇ ಚರ್ಚೆ ಮುಗಿಯುತ್ತಿದೆ. ಕೆಲಸ ಉಳಿಸಿಕೊಂಡವರ ಪಾಡೇನು ಎಂದು ಕೇಳುವವರು ಕಡಿಮೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 23ನೇ ವಿಧಿ ಉದ್ಯೋಗದ ಜೊತೆಗೆ ನ್ಯಾಯವಾದ ಕೆಲಸದ ಪರಿಸ್ಥಿತಿಯನ್ನೂ ಹಕ್ಕು ಎನ್ನುತ್ತದೆ, 24ನೆಯದು ವಿಶ್ರಾಂತಿಯನ್ನು.

ಗೋದಾಮನ್ನೇ ನೋಡಿ. ಮೊದಲು ಕೆಲಸಗಾರರು ಕಪಾಟಿನಿಂದ ಕಪಾಟಿಗೆ ನಡೆಯುತ್ತಿದ್ದರು. ಈಗ ರೋಬಾಟ್ ಕಪಾಟನ್ನೇ ಹೊತ್ತು ತರುತ್ತದೆ. ನಡಿಗೆ ತಪ್ಪಿತು, ನಿಜ. ಆದರೆ ತೋಳಿಗೆ, ಬೆನ್ನಿಗೆ ಬಿಡುವು ಸಿಗುತ್ತಿದ್ದದ್ದೂ ಆ ನಡಿಗೆಯಲ್ಲೇ. ಒಂದು ಕಪಾಟು ಸರಿಯುವ ಮೊದಲೇ ಇನ್ನೊಂದು ಸರದಿಯಲ್ಲಿ ನಿಂತಿರುತ್ತದೆ. ಬಾಗು, ಚಾಚು, ಎತ್ತು, ಎಡೆಬಿಡದೆ ಅದೇ ಸ್ನಾಯುಗಳಿಗೆ ಕೆಲಸ. ಶೌಚಾಲಯಕ್ಕೆ ಹೋದ ಹೊತ್ತನ್ನೂ ತಂತ್ರಾಂಶ ಸೋಮಾರಿತನದ ಲೆಕ್ಕಕ್ಕೆ ಸೇರಿಸಿದರೆ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ.

‘ಮನುಷ್ಯರ ಪಕ್ಕದಲ್ಲೂ ಸುರಕ್ಷಿತ’ ಎಂಬ ಮಾರಾಟಗಾರರ ಮಾತಿಗೆ ಷರತ್ತುಗಳಿವೆ. ಮನುಷ್ಯರ ಜೊತೆ ದುಡಿಯುವ ರೋಬಾಟ್‌ಗಳ ಸುರಕ್ಷತೆ ಕುರಿತ 2016ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ/ಟಿಎಸ್ 15066 ಪ್ರಕಾರ, ಕೈಬೆರಳು ರೋಬಾಟಿಗೂ ಗಟ್ಟಿ ವಸ್ತುವಿಗೂ ನಡುವೆ ಸಿಕ್ಕಿಕೊಂಡಾಗ ಬೀಳುವ ಬಲ 140 ನ್ಯೂಟನ್ ಮೀರಬಾರದು, ಮುಖಕ್ಕಾದರೆ 65. ಎಡವಟ್ಟಾಗುವುದು ಎಲ್ಲಿ ಎಂದರೆ, ಈ ಬಲವನ್ನು ಸ್ಥಾಪನೆಯ ಸಮಯದಲ್ಲಿ ಒಮ್ಮೆ ಅಳೆದು ಕಡತಕ್ಕೆ ಸೇರಿಸಿ, ಆಮೇಲೆ ಉತ್ಪಾದನೆ ಸಾಲದೆಂದು ವೇಗ ಏರಿಸುವಲ್ಲಿ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟು. ರೋಬಾಟಿನ ತೋಳಿಗೆ ಮೆತ್ತನೆಯ ಹೊದಿಕೆ ಇದ್ದು ಏನು ಪ್ರಯೋಜನ, ವಸ್ತುಗಳನ್ನು ಹಿಡಿಯುವ ಅದರ ಹಿಡಿಕೆಯಲ್ಲಿ ಚೂಪಂಚಿನ ತಗಡಿದ್ದರೆ? ವೇಗ, ಹಿಡಿಕೆ, ಹಿಡಿಯುವ ವಸ್ತು ಯಾವುದು ಬದಲಾದರೂ ಅಪಾಯದ ಅಂದಾಜನ್ನು ಹೊಸದಾಗಿ ಮಾಡಿ, ಬಲವನ್ನು ಮತ್ತೆ ಅಳೆದು, ಫಲಿತಾಂಶವನ್ನು ಯಂತ್ರದ ಬಳಿಯೇ ತೂಗುಹಾಕಬೇಕು. ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿದ ನಿಮಿಷಗಳನ್ನು ಒತ್ತಿದವರ ಖಾತೆಗೆ ನಷ್ಟವೆಂದು ಬರೆಯಲೇಕೂಡದು. ಬರೆದರೆ ಮುಂದಿನ ಸಲ ಯಾರೂ ಒತ್ತುವುದಿಲ್ಲ. ಖರೀದಿ ಒಪ್ಪಂದದಲ್ಲೇ ಇವಿಷ್ಟೂ ಇರಲಿ.

ರೋಬಾಟಿನ ಕ್ಯಾಮೆರಾಗಳದ್ದು ಬೇರೆ ತಕರಾರು. ದಾರಿ ನೋಡಲೆಂದು ಇಟ್ಟ ಕಣ್ಣು ಕೆಲಸಗಾರರ ಮುಖಭಾವ ಓದಬೇಕಿಲ್ಲ. ಯುರೋಪ್ ಒಕ್ಕೂಟ 2025ರ ಫೆಬ್ರುವರಿ 2ರಿಂದ ಕೆಲಸದ ಸ್ಥಳಗಳಲ್ಲಿ ಭಾವನೆ ಗುರುತಿಸುವ ಎಐ ಬಳಕೆಯನ್ನು, ವೈದ್ಯಕೀಯ ಮತ್ತು ಸುರಕ್ಷತಾ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ.

ಸೇವೆ ಪಡೆಯುವವರನ್ನೂ ಮರೆಯುವಂತಿಲ್ಲ. ತೊದಲುವವರ ಮಾತು ಮುಗಿಯುವ ಮೊದಲೇ ಸ್ವಾಗತ ರೋಬಾಟ್ ‘ಅರ್ಥವಾಗಲಿಲ್ಲ’ ಎನ್ನಬಹುದು. ಕಾಲುದಾರಿಯಲ್ಲಿ ನಿಂತ ವಿತರಣಾ ರೋಬಾಟ್ ಗಾಲಿಕುರ್ಚಿಗೆ ಅಡ್ಡವಾಗಬಹುದು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆ ಒಡಂಬಡಿಕೆಯ 9ನೇ ವಿಧಿ ಸಾರ್ವಜನಿಕ ಸೇವೆಗಳು ಎಲ್ಲರ ಕೈಗೆಟುಕಬೇಕೆನ್ನುತ್ತದೆ. ರೋಬಾಟ್ ಇಟ್ಟಲ್ಲೆಲ್ಲ ಮನುಷ್ಯರು ಕುಳಿತ ಕೌಂಟರ್ ಒಂದಾದರೂ ತೆರೆದಿರಲಿ. ಅದಕ್ಕೆ ಹೆಚ್ಚುವರಿ ಶುಲ್ಕ ಬೇಡ.

– ಯಂತ್ರ ಸುರಕ್ಷತಾ ಪರಿಶೀಲಕರು